ಅಕ್ಕ ಕಾದ ಕಾಗದ

ಮೊನ್ನೆ ಮೊಮ್ಮಗನ ಗೆಳೆಯನ ಮದುವೆಗೆಂದು ಒಂದು ಹಾಲ್‌ಗೆ ಹೋಗಿದ್ದೆ. ಬಾಗಿಲಲ್ಲಿ ಅಲಂಕಾರಕ್ಕೆ ಎರಡು ಅಕ್ಕಿಮುಡಿ ಇಟ್ಟಿದ್ದರು. ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನದೇ ಹಗ್ಗದಿಂದ ಬಿಗಿದು ಕಟ್ಟಿದ ಉರುಟು ಮುಡಿ. ಒಳಗೆ ಅಕ್ಕಿ ಇತ್ತೋ ಥರ್ಮೋಕೋಲ್ ಇತ್ತೋ, ದೇವರಿಗೇ ಗೊತ್ತು. ಹುಲ್ಲು ಮಾತ್ರ ನಿಜವಾದದ್ದು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕುಳಿತೆ. "ತಲೆ ತಿರುಗ್ತದಾ ಅತ್ತೆ?" ಎಂದು ಸೊಸೆ ಕೇಳಿದಳು. ಇಲ್ಲ ಎಂದೆ. ಏನೆಂದು ಹೇಳಲಿ…

ಬೋಳಾರದಲ್ಲಿ ನಮ್ಮ ಮನೆಗೆ ತಾಗಿಯೇ ಇದ್ದ ಆಚೆಮನೆಯ ಹಿರಿಮಗಳನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಬ್ರಿಟಿಷರ ಕಾಲ. ನನಗೆ ಹದಿನೈದು, ಅವಳಿಗೆ ಹತ್ತೊಂಬತ್ತು. ಇಂಟರ್‌ಮೀಡಿಯೆಟ್ ಪಾಸಾಗಿ ಡಾಕ್ಟರಿಕೆ ಕಲಿಯಲು ಮದ್ರಾಸಿಗೆ ಅರ್ಜಿ ಹಾಕಿದ್ದಳು. ತಾಯಿಯ ಕಡೆಯಿಂದ ಮನೆತನ ನಡೆಯುವ ಅಳಿಯಕಟ್ಟಿನ ಮನೆ, ಯಜಮಾನಿಕೆ ಅವಳ ತಾಯಿಯ ಅಣ್ಣ ದೊಡ್ಡ ಮಾವನದು. ಅವರಿಗೆ ಇದೆಲ್ಲ ಸುತರಾಂ ಇಷ್ಟವಿರಲಿಲ್ಲ. ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದ ಸಣ್ಣ ಮಾವ ಕಾಗದದ ಮೇಲೆ ಕಾಗದ ಬರೆದು ಒಪ್ಪಿಸಿದ್ದರು. ದೊಡ್ಡ ಮಾವ ಕೊನೆಗೆ, "ಈ ಒಂದು ವರ್ಷ ನೋಡುವ. ಅಲ್ಲಿಂದ ಕರೆದರೆ ಹೋಗು. ಕರೆಯದಿದ್ದರೆ ಮದುವೆ. ಮತ್ತೆ ಎದುರು ಮಾತಾಡ್ಲಿಕ್ಕಿಲ್ಲ" ಎಂದರು.

ಆ ಮಳೆಗಾಲ ನಾವಿಬ್ಬರು ಟಪಾಲಿನವರಿಗೆ ಕಾದಷ್ಟು ಯಾರೂ ಯಾರಿಗೂ ಕಾದಿರಲಿಕ್ಕಿಲ್ಲ. ಮಧ್ಯಾಹ್ನ ಊಟ ಮಾಡಿದ ಕೈ ಒಣಗುವ ಮೊದಲೇ ಅಂಗಳದ ಸುತ್ತಿನ ಪಾಗಾರದ ಗೋಡೆಯ ಬಳಿ ಹೋಗಿ ನಿಲ್ಲುವುದು. ಟಪಾಲಿನವರು ಒಳ್ಳೆಯ ಮನುಷ್ಯ, ದೂರದಿಂದಲೇ ತಲೆಯಾಡಿಸಿ ಇಲ್ಲ ಎನ್ನುತ್ತಿದ್ದರು. ಒಂದು ದಿನ ಅವರೇ ಬೇಸತ್ತು, "ಬಂದರೆ ನಾನು ಇಟ್ಟುಕೊಳ್ತೇನಾ ಮಗಳೇ? ಮಳೆಯಲ್ಲಿ ಎಂತಕ್ಕೆ ನೆನೆಯುವುದು?" ಎಂದರು. ಅಕ್ಕ ನಕ್ಕಳು. ಮರುದಿನ ಮತ್ತೆ ನಿಂತಳು. ಜೊತೆಗೆ ಓದಿದ ಇಬ್ಬರಿಗೆ ಸಂದರ್ಶನದ ಕಾಗದ ಬಂತೆಂದು ತಿಳಿದ ದಿನ ಅವಳು ಊಟ ಮಾಡಲಿಲ್ಲ.

ಇಷ್ಟರಲ್ಲಿ ಅವಳ ತಂಗಿಗೆ ಒಳ್ಳೆಯ ಸಂಬಂಧ ಕೂಡಿಬಂತು. ಅಕ್ಕ ಇರುವಾಗ ತಂಗಿಗೆ ಮದುವೆಯೇ, ಹಿರಿಯವಳಲ್ಲಿ ಎಂತದೋ ಕೊರತೆ ಉಂಟು ಎಂದು ಗಂಡಿನ ಕಡೆಯವರು ಒಮ್ಮೆ ಹಿಂದೆ ಸರಿದೂ ಆಗಿತ್ತು. ಹೇಗೋ ಮಾತು ಸರಿಹೋಗಿ ದಿನ ನಿಗದಿಯಾಯಿತು. ತನ್ನ ಓದಿನಿಂದ ತಂಗಿಯ ಮದುವೆ ಮುರಿಯುವುದರಲ್ಲಿತ್ತು ಎಂಬುದು ಅಕ್ಕನನ್ನು ಮುಳ್ಳಿನಂತೆ ಚುಚ್ಚುತ್ತಿತ್ತು.

ಮದುವೆಯ ಹಿಂದಿನ ದಿನ, ಶನಿವಾರ, ತಂತಿ ಬಂತು. ಚಪ್ಪರದ ಕೆಲಸದಲ್ಲಿ ಎಲ್ಲರೂ ಮುಳುಗಿದ್ದರು. ಪಾಗಾರದ ಬಳಿ ಇದ್ದದ್ದು ನಾವಿಬ್ಬರೇ. ಲಕೋಟೆಯ ಮೇಲೆ ದೊಡ್ಡ ಮಾವನ ಹೆಸರು. ಆ ಕಾಲದಲ್ಲಿ ನಮ್ಮಂಥವರ ಮನೆಗೆ ತಂತಿ ಬರುವುದೆಂದರೆ ಸಾವು, ಬೇರೆ ಅರ್ಥವೇ ಇಲ್ಲ. ಬೊಂಬಾಯಿಯ ಸಣ್ಣ ಮಾವ ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಅಕ್ಕನ ಮುಖ ಬಿಳುಚಿಹೋಯಿತು. ಸಾವಿನ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಮನೆಗೆ ಸೂತಕ, ಮದುವೆ ನಿಂತಂತೆಯೇ. ಬೀಳದಿದ್ದರೆ ಸೂತಕವಿಲ್ಲ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಉಪಾಯ. ಅವಳು ಸಹಿ ಹಾಕಿ ತೆಗೆದುಕೊಂಡಳು, ಒಡೆಯಲಿಲ್ಲ. ಮದುವೆಗೆಂದು ಕೋಣೆಯಲ್ಲಿ ಪೇರಿಸಿಟ್ಟ ಅಕ್ಕಿಮುಡಿಗಳಲ್ಲಿ ಒಂದರ ಹುಲ್ಲಿನೊಳಗೆ ತುರುಕಿದಳು.

"ತಂಗಿ ಗಂಡನ ಮನೆಗೆ ಹೋಗುವವರೆಗೆ ನೀನು ಎಂತದೂ ನೋಡ್ಲಿಲ್ಲ, ಗೊತ್ತಾಯ್ತಾ?"

ನನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂದು ಕೇರಿಗೆಲ್ಲ ಗೊತ್ತಿತ್ತು. ಅಂಥವಳು ತುಟಿ ಹೊಲಿದುಕೊಂಡೆ.

ಎರಡು ದಿನ ಅಕ್ಕ ಹೇಗೆ ಓಡಾಡಿದಳೆಂದು ನಾನೊಬ್ಬಳೇ ಬಲ್ಲೆ. ತನ್ನನ್ನು ಓದಿಸಿದ ಮಾವ ಸತ್ತರೆಂದು ಒಳಗೆ ಬೇಯುತ್ತ, ತಂಗಿಗೆ ಮಲ್ಲಿಗೆ ಮುಡಿಸಿದಳು, ಬೀಗರಿಗೆ ಪಾನಕ ಕೊಟ್ಟಳು. ಅಡುಗೆಯವರು ಅಕ್ಕಿಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು, "ಅದು ಬೇಡ, ಆಚೆಯ ಮುಡಿ ತೆಗೀರಿ" ಎನ್ನುತ್ತಿದ್ದಳು. ಧಾರೆಯ ಹೊತ್ತಿನಲ್ಲಿ ಅತ್ತಳು. ತಂಗಿಯ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ಹೆಂಗಸರು ಮಾತಾಡಿಕೊಂಡರು.

ಸೋಮವಾರ ಸಂಜೆ ದಿಬ್ಬಣ ಹೋದ ಮೇಲೆ ನಾವು ಕೋಣೆಯ ಬಾಗಿಲು ಎಳೆದುಕೊಂಡೆವು. ಅಕ್ಕ ತಂತಿ ಒಡೆದು ಓದಿದಳು. ಓದಿ ನಕ್ಕಳು. ನಿಜವಾಗಿಯೂ ನಕ್ಕಳು.

"ಸಣ್ಣ ಮಾವ ಸಾಯ್ಲಿಲ್ಲ ಮಾರಾಯ್ತಿ," ಎಂದು ನನ್ನನ್ನು ತಬ್ಬಿಕೊಂಡಳು.

ಆಮೇಲೆ ಮತ್ತೊಮ್ಮೆ ಓದಿದಳು. ಒಂದು ಜಾಗ ಖಾಲಿಯಾಗಿದೆ, ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಹುಡುಗಿಯನ್ನು ಸಂದರ್ಶನಕ್ಕೆ ಕಳುಹಿಸಿ ಎಂದು ಮದ್ರಾಸಿನಿಂದ ಬಂದದ್ದು. ಅರ್ಜಿಯಲ್ಲಿ ಪೋಷಕರೆಂದು ದೊಡ್ಡ ಮಾವನ ಹೆಸರು ಬರೆದವಳು ಅವಳೇ. ಉದ್ದ ಲಕೋಟೆಯ ಕಾಗದಕ್ಕೆ ಕಾದು ಕಾದು, ಕರೆ ಹೀಗೂ ಬಂದೀತೆಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

"ರೈಲು?" ಎಂದು ಕೇಳಿದಳು.

"ಮಧ್ಯಾಹ್ನವೇ ಹೋಯ್ತಲ್ಲಾ ಅಕ್ಕ," ಎಂದೆ.

ಮದ್ರಾಸಿಗೆ ಆಗ ಇಡೀ ಒಂದು ರಾತ್ರಿಯ ಪ್ರಯಾಣ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದನ್ನು ಆ ದಿನ ಕಣ್ಣಾರೆ ಕಂಡೆ. ಅವಳು ಅಳಲಿಲ್ಲ. ತಂತಿಯನ್ನು ಬಚ್ಚಲಿನ ಒಲೆಗೆ ಹಾಕಿ, ಅದು ಪೂರ್ತಿ ಸುಡುವವರೆಗೆ ನಿಂತಳು. "ತಂಗಿಗೆ ಗೊತ್ತಾಗಬಾರದು. ಗೊತ್ತಾದರೆ ಅವಳು ಆ ಮನೆಯಲ್ಲಿ ಸುಖವಾಗಿ ಒಂದು ತುತ್ತು ಉಣ್ಲಿಕ್ಕಿಲ್ಲ," ಎಂದಳು. ಮದ್ರಾಸಿಗೆ ಕ್ಷಮೆ ಕೇಳಿ ಬರೆದಳು. ಜಾಗವೆಲ್ಲ ತುಂಬಿತು ಎಂದು ಉತ್ತರ ಬಂತು, ಅವಳು ಕಾದಿದ್ದ ಹಾಗೆಯೇ ಉದ್ದ ಲಕೋಟೆಯಲ್ಲಿ. ಅದೂ ಒಲೆಗೆ ಹೋಯಿತು. ಮುಂದಿನ ವರ್ಷ ದೊಡ್ಡ ಮಾವ ತಮ್ಮ ಮಾತಿನಂತೆ ಅವಳ ಮದುವೆ ಮಾಡಿ ಮುಗಿಸಿದರು.

ನನ್ನನ್ನು ತಿನ್ನುವ ಮಾತು ಬೇರೆಯೇ ಇದೆ. ನಾನು ಆಚೆಮನೆಯವಳಲ್ಲ. ಅವರ ಸೂತಕ ನನಗೆ ತಾಗುವುದಿಲ್ಲ. ನನಗೆ ಇಂಗ್ಲಿಷ್ ಓದಲು ಬರುತ್ತಿತ್ತು. ಶನಿವಾರವೇ ಆ ಲಕೋಟೆಯನ್ನು ನಾನು ಒಡೆದು ನೋಡಬಹುದಿತ್ತು, ಸಾವಾಗಿದ್ದರೆ ಹೇಳದೆ ಸುಮ್ಮನಿದ್ದರಾಗಿತ್ತು. ಇಷ್ಟು ಸಣ್ಣ ಬುದ್ಧಿ ನನಗೆ ಹೊಳೆದದ್ದು ಬುಧವಾರ. ಅಕ್ಕ ಒಂದು ದಿನವೂ ನನ್ನನ್ನು ಇದಕ್ಕೆ ದೂರಲಿಲ್ಲ. ದೂರಿದ್ದರೆ ಒಳ್ಳೆಯದಿತ್ತು.

ಅಕ್ಕ ತೀರಿಕೊಂಡು ಈ ತಿಂಗಳಿಗೆ ಒಂದು ವರ್ಷ. ಉತ್ತರಕ್ರಿಯೆಯ ಊಟಕ್ಕೆ ಹೋದಾಗ ಅವಳ ತಂಗಿ ನನ್ನ ಪಕ್ಕದಲ್ಲಿ ಕುಳಿತಿದ್ದಳು. ಹಲ್ಲಿಲ್ಲದ ಮುದುಕಿ, ನನ್ನ ಹಾಗೆಯೇ. ಗಂಡ, ಐದು ಮಕ್ಕಳು, ತುಂಬಿದ ಸಂಸಾರ ಮಾಡಿದವಳು. ನನ್ನ ಕೈ ಹಿಡಿದುಕೊಂಡು, "ಪಾಪ, ನನ್ನ ಅಕ್ಕನಿಗೆ ಡಾಕ್ಟರಾಗುವ ಆಸೆ ಎಷ್ಟಿತ್ತು. ಮದ್ರಾಸಿನವರು ಒಂದು ಸಲ ಕರೆದು ನೋಡಿದ್ದರೂ ಸಾಕಿತ್ತು. ಕರೀಲೇ ಇಲ್ಲ, ಅಲ್ವಾ?" ಎಂದಳು.

"ಇಲ್ಲ," ಎಂದೆ. "ಕರೀಲಿಲ್ಲ."