ಡ್ರೈವರ್ ಸೀಟಿನಿಂದ ಕಾಣುವ ರಸ್ತೆ

ಸಂಜೆ ಅಂಗಡಿಯ ಷಟರ್ ಎಳೆಯುವ ಹೊತ್ತಿಗೆ ಟೈಲರಮ್ಮನಿಗೆ ಬೆನ್ನು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕಾಗುತ್ತಿತ್ತು. ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ ಅದು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೆಟ್ಟ ಜಿಪ್ ಬದಲಿಸುವುದು, ದಪ್ಪಗಾದವರ ಸೊಂಟದ ಹೊಲಿಗೆ ಬಿಡಿಸುವುದು, ತೆಳ್ಳಗಾದೆವೆಂದು ಬೀಗುವವರದ್ದನ್ನು ಹಿಡಿದು ಹೊಲಿಯುವುದು. ಬೇರೆಯವರು ಹೊಲಿದದ್ದನ್ನು ಬಿಚ್ಚುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಇಷ್ಟಾದ ಮೇಲೆ ಯಾರಾದರೂ ನೆಟ್ಟಗೆ ಮನೆಗೆ ಹೋಗಿ ಕಾಲು ಚಾಚುತ್ತಾರೆ. ಇವಳು ಮೊಬೈಲು ಹಿಡಿದು ರಸ್ತೆ ಸುತ್ತಲು ಹೊರಡುತ್ತಿದ್ದಳು.

ಎಲ್ಲ ಗಂಡನಿಗಾಗಿ. ಆತ ಬಸ್ ಡ್ರೈವರು. ಡ್ರೈವರಾಗಿದ್ದವನು ಅನ್ನಬೇಕು, ಆದರೆ ಹಾಗೆಂದರೆ ಮೂಗಿನ ತುದಿಯಲ್ಲೇ ಸಿಟ್ಟು. ಹೋದ ವರ್ಷ ಪಾರ್ಶ್ವವಾಯು ಹೊಡೆದು ಎಡಗಾಲು ಹೇಳಿದ ಮಾತು ಕೇಳದಾಯಿತು. ಆಸ್ಪತ್ರೆಯಿಂದ ಕುರ್ಚಿಯಲ್ಲಿ ಹೊತ್ತುತಂದು ಮೂರನೇ ಮಹಡಿಯ ಮನೆಯಲ್ಲಿ ಇಳಿಸಿದರು. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಕೋಲೂರಿ ಮನೆಯೊಳಗೆ ಓಡಾಡುವಷ್ಟು ಸುಧಾರಿಸಿದರೂ ಆಸಾಮಿ ಹೊಸ್ತಿಲು ಮಾತ್ರ ದಾಟಲಿಲ್ಲ.

ಬೇಜಾರು ಕಳೆಯಲಿ ಎಂದು ಒಂದು ದಿನ ದಾರಿಯ ನಾಲ್ಕು ಫೋಟೊ ತೆಗೆದು ತಂದಳು. ಆತ ಕಣ್ಣು ಕಿರಿದು ಮಾಡಿ ನೋಡಿದ.

"ಇದ್ಯಾವ ಊರೇ?"

"ನಿಮ್ಮ ರಸ್ತೆನೇ ಕಣ್ರೀ. ಎಷ್ಟು ವರ್ಷ ಬಸ್ ಓಡಿಸಿದೀರ!"

"ನಾನು ಫುಟ್‌ಪಾತ್ ಮೇಲೆ ಓಡಿಸ್ತಿದ್ನಾ? ರಸ್ತೆ ಮಧ್ಯ ನಿಂತು ತೆಗಿ. ಕೈ ಮೇಲೆತ್ತಿ ಹಿಡಿ. ಸೀಟು ಎತ್ತರ ಇರುತ್ತೆ."

ಗಂಡ ಹೇಳಿದ, ಇವಳು ಕೇಳಿದಳು. ಅಂದಿನಿಂದ ದಿನವೂ ಸಂಜೆ ವಾಹನಗಳ ನಡುವೆ, ಡಿವೈಡರಿನ ಮೇಲೆ, ಮೊಬೈಲು ಹಿಡಿದ ಕೈಯನ್ನು ಆಕಾಶಕ್ಕೆತ್ತಿ ನಿಂತಳು. ಸ್ಕೂಟರಿನವರು ಬೈದರು. "ಅಮ್ಮಾ, ಮನೇಲಿ ಹೇಳಿ ಬಂದಿದೀರಾ?" ಎಂದು ಒಬ್ಬ ಆಟೋದವನು ಕೇಳಿದ. ಮನೆಯಲ್ಲಿ ಹೇಳಿ ಕಳಿಸಿದ್ದಕ್ಕೇ ಬಂದಿರುವುದೆಂದು ಅವನಿಗೆ ಹೇಗೆ ತಿಳಿಯಬೇಕು! ಆದರೆ ಆ ಫೋಟೊ ನೋಡುವಾಗ ಡ್ರೈವರಿನ ಮುಖ ನೋಡಬೇಕಿತ್ತು. ಬೆರಳಿನಿಂದ ಒಂದೊಂದನ್ನೇ ಸರಿಸುತ್ತ, "ಇಲ್ಲಿ ಸೆಕೆಂಡ್ ಗೇರು, ಈ ತಿರುವು ಬಲು ಕಳ್ಳ" ಎಂದು ಕೂತಲ್ಲೇ ಬಸ್ಸು ಓಡಿಸುತ್ತಿದ್ದ. ಊಟವೂ ಎರಡು ತುತ್ತು ಹೆಚ್ಚು ಸೇರುತ್ತಿತ್ತು. ಅದನ್ನು ಕಂಡ ಮೇಲೆ ಕಾಲು ನೋವೆಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಕಾಲಿನ ವ್ಯಾಯಾಮ ಮಾಡಿಸಲು ಒಬ್ಬ ಹುಡುಗಿ ಬರುತ್ತಿದ್ದಳು. ಅವಳು ಒಂದು ದಿನ ಹೊರಡುವಾಗ ಬಾಗಿಲ ಬಳಿ ದನಿ ತಗ್ಗಿಸಿದಳು.

"ಆಂಟಿ, ಅಂಕಲ್ ಗೋಡೆ ಹಿಡ್ಕೊಂಡು ಮೆಟ್ಟಿಲು ಇಳೀಬಹುದು. ಅವರಿಗೇ ಬೇಡ. ಹೀಗೇ ಕೂತುಬಿಟ್ರೆ ಇರೋ ಶಕ್ತಿನೂ ಹೋಗುತ್ತೆ, ಆಮೇಲೆ ನಾನು ಬಂದೂ ಉಪಯೋಗ ಇಲ್ಲ. ಯಾಕೆ ಇಳಿಯಲ್ಲ ಅಂತ ಕೇಳಿದೆ. ರಸ್ತೆ ದಿನಾ ಸಂಜೆ ಮನೆಗೇ ಬರುತ್ತಲ್ಲಮ್ಮ ಅಂದ್ರು."

ಟೈಲರಮ್ಮ ಬಾಗಿಲು ಮುಚ್ಚಿದಳು. ಇಷ್ಟು ದಿನ ಬೈಸಿಕೊಂಡು, ಕಾಲು ಸವೆಸಿ, ಗಂಡನನ್ನು ಮಂಚಕ್ಕೆ ಕಟ್ಟಿಹಾಕಿದವಳು ತಾನೇ ಆದಳಲ್ಲ!

ಮರುದಿನ ಬರಿಗೈಯಲ್ಲಿ ಬಂದಳು. "ಇನ್ಮೇಲೆ ಫೋಟೊ ಇಲ್ಲ. ಬೇಕಾದ್ರೆ ಇಳಿದು ಬಂದು ನೋಡಿ."

"ಅಷ್ಟೂ ಆಗಲ್ವಾ ನಿಂಗೆ?"

"ಆಗಲ್ಲ. ನಂಗೂ ಇರೋದು ಎರಡೇ ಕಾಲು."

ಆತ ಮುಖ ಊದಿಸಿಕೊಂಡು ಗೋಡೆಯ ಕಡೆ ತಿರುಗಿದ. ತಟ್ಟೆಯಲ್ಲಿ ಅನ್ನ ಉಳಿಯತೊಡಗಿತು. ವ್ಯಾಯಾಮದ ಹುಡುಗಿಯ ಜೊತೆಗೂ ಮಾತಿಲ್ಲ. ಇದ್ದ ಒಂದು ಆಸೆಯನ್ನೂ ಕಿತ್ತುಕೊಂಡೆನೇನೋ, ಹೀಗೇ ಹಟ ಹಿಡಿದು ಪೂರ್ತಿ ಮಲಗಿಬಿಟ್ಟರೆ ಏನು ಗತಿ ಎಂದು ಅವಳು ಮಿಷನ್ನಿನ ಮುಂದೆ ಕೂತು ಹೆದರುತ್ತಿದ್ದಳು. ಸೋಲಬಾರದೆಂದು ಮೊಬೈಲು ಮಾತ್ರ ಆತನ ಕೈಗೆ ಕೊಡಲಿಲ್ಲ.

ಆದರೆ ಹಾಳು ಅಭ್ಯಾಸ ನೋಡಿ, ಅಂಗಡಿ ಮುಚ್ಚಿದರೆ ಕಾಲು ಸೀದಾ ಮನೆಗೆ ಹೋಗುತ್ತಿರಲಿಲ್ಲ. ರಸ್ತೆ ಮಧ್ಯ ನಿಲ್ಲುವ ಕರ್ಮವಿಲ್ಲ, ಕೈ ಎತ್ತುವ ಹಂಗಿಲ್ಲ. ಹಿಂದಿನ ಬೀದಿಗಳಲ್ಲಿ ಕಾಲೆಳೆಯುತ್ತ ಹೋಗಿ ಕಂಡದ್ದನ್ನು ತೆಗೆಯುತ್ತಿದ್ದಳು. ತಕ್ಕಡಿಯ ತಟ್ಟೆಯಲ್ಲಿ ಮಲಗಿದ ಬೆಕ್ಕು. ಗಿರಾಕಿಯಿಲ್ಲದೆ ತನ್ನದೇ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋದ ಕ್ಷೌರದವನು. ತಂತಿಯ ಮೇಲೆ ಒಣಗುತ್ತಿದ್ದ, ಒಂದು ಕಾಲು ಗಿಡ್ಡವಾದ ಪ್ಯಾಂಟು. ಪುಣ್ಯಕ್ಕೆ ಅದು ಅವಳ ಹೊಲಿಗೆಯಲ್ಲ. ಯಾರಿಗೂ ತೋರಿಸಲಿಲ್ಲ.

ಆ ಸಂಜೆಯೂ ಹಾಗೇ ಸುತ್ತಿ ಬಂದು, ಕಂಬಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಎರಡನೇ ಮಹಡಿಯ ತಿರುವಿನಲ್ಲಿ ಗಂಡ ಮೆಟ್ಟಿಲ ಮೇಲೆ ಕೂತಿದ್ದ. ಅಂಗಿ ಬೆವರಿಗೆ ಒದ್ದೆ. ಕೋಲು ಜಾರಿ ಕೆಳಗೆ ಬಿದ್ದಿತ್ತು.

"ಅಯ್ಯೋ, ಯಾವಾಗ ಬಂದ್ರಿ ಇಲ್ಲಿ?"

"ನಾನೇ ಹೋಗಿ ರಸ್ತೆ ನೋಡ್ಕೊಂಡು ಬರ್ತೀನಿ ಅಂತ ಹೊರಟೆ. ಒಂದು ಮಹಡಿಗೇ ಗಾಡಿ ನಿಂತೋಯ್ತು. ಮೇಲೂ ಹೋಗಲ್ಲ, ಕೆಳಗೂ ಹೋಗಲ್ಲ."

ಪಕ್ಕದ ಮನೆಯವರನ್ನು ಕರೆಯಬೇಕಿತ್ತು. ಅವಳು ಕರೆಯಲಿಲ್ಲ. ಚೀಲ ಕೆಳಗಿಟ್ಟು ಆತನ ಪಕ್ಕದಲ್ಲೇ ಕುಸಿದು ಕೂತಳು. ಕೂತದ್ದೇ ತಡ, ಅಳು ಒತ್ತರಿಸಿ ಬಂತು.

"ನಂಗೆ ತುಂಬಾ ಸುಸ್ತಾಗಿದೆ ಕಣ್ರೀ."

"ಗೊತ್ತು."

"ನಿಮಗೆ ಗೊತ್ತಿಲ್ಲ."

"ಇಷ್ಟು ದಿನ ಗೊತ್ತಿರ್ಲಿಲ್ಲ. ಇಷ್ಟು ಮೆಟ್ಟಿಲು ಇಳಿಯೋದ್ರಲ್ಲಿ ಗೊತ್ತಾಯ್ತು. ನೀನು ದಿನಾ ರಸ್ತೇಲಿ ನಿಂತು ಬಂದು ಇದನ್ನೂ ಹತ್ತುತ್ತಿದ್ದೆ."

ಆತ ಅವಳ ಕೈಯಲ್ಲಿದ್ದ ಮೊಬೈಲು ನೋಡಿದ.

"ಇವತ್ತು ತೆಗೆದ್ಯಾ?"

"ತೆಗೆದೆ. ನಿಮಗಲ್ಲ, ನಂಗೆ."

ಆದರೂ ತೋರಿಸಿದಳು. ನಿದ್ದೆ ಹೋದ ಕ್ಷೌರದವನನ್ನು ನೋಡಿ ಆತ ಬಹಳ ದಿನಗಳ ಮೇಲೆ ನಕ್ಕ. "ಎಲ್ಲಿದು?"

"ನಿಮ್ಮ ಬಸ್ಸು ಹೋಗದ ಕಡೆ. ನಮ್ಮ ಹಿಂದಿನ ಬೀದೀಲೇ."

"ಈಗ ಎದ್ದಿರ್ತಾನಾ?"

"ಅವನಾ? ಏಳೋ ಜಾತಿ ಅಲ್ಲ."

ಡ್ರೈವರು ಗೋಡೆಗೆ ಅಂಗೈ ಒತ್ತಿ, ಹಲ್ಲು ಕಚ್ಚಿ ಎದ್ದು ನಿಂತ. "ಕೋಲು ಕೊಡು."

ಅವಳ ಮೈಯೆಲ್ಲ ಮೇಲಿನ ಹಾಸಿಗೆಗಾಗಿ ಹಾತೊರೆಯುತ್ತಿತ್ತು. ಆದರೂ ಕೋಲು ತಂದುಕೊಟ್ಟು, ಆತ ಬಿದ್ದರೆ ಹಿಡಿಯಲು ಒಂದು ಮೆಟ್ಟಿಲು ಕೆಳಗೆ ನಿಂತು, ಈಗಷ್ಟೇ ಹತ್ತಿ ಬಂದ ಮೆಟ್ಟಿಲುಗಳನ್ನು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಇಳಿಯತೊಡಗಿದಳು. ಮತ್ತೆ ಹತ್ತುವುದು ಹೇಗೆ ಎಂದು ಇಬ್ಬರೂ ಕೇಳಲಿಲ್ಲ.