‘ಹೋಗಿ ಬರ್ತೀನಿ’ ಅನ್ನದ ಫೈರ್‌ವಾಲ್

ಮೊನ್ನೆ ಬೆಳ್ಳಂಬೆಳಗ್ಗೆ ಅತ್ತೆಯಿಂದ ಬೈಸಿಕೊಂಡೆ. ಅದರಿಂದಲೇ ನನ್ನ ಮಾನ ಉಳಿಯಿತು ಎಂದರೆ ನಂಬುತ್ತೀರಾ?

ನಾನು ಆರ್.ಟಿ. ನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದೇನೆ. ರಕ್ತ ತೆಗೆಯುವವಳಲ್ಲ (ಸೂಜಿ ಕಂಡರೆ ಈಗಲೂ ಕಣ್ಣು ಮುಚ್ಚುತ್ತೇನೆ), ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಯಲಹಂಕದಲ್ಲಿ ನಮ್ಮ ಹೊಸ ಬ್ರಾಂಚ್ ಸಿದ್ಧವಾಗಿತ್ತು. ಟೇಪು ಕತ್ತರಿಸುವುದೊಂದೇ ಬಾಕಿ. ಆದರೆ ಅಲ್ಲಿ ಕೂತು ಆರ್.ಟಿ. ನಗರದ ಸರ್ವರ್‌ನಲ್ಲಿರುವ ರಿಪೋರ್ಟ್ ಕೇಳಿದರೆ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ರಿಪೋರ್ಟ್ ಮಾತ್ರ ಬರುತ್ತಿರಲಿಲ್ಲ.

ಎರಡೂ ಕಡೆ ಫೈರ್‌ವಾಲ್ ಎಂಬ ಪೆಟ್ಟಿಗೆಯಿದೆ. ನೆಟ್‌ವರ್ಕಿನ ವಾಚ್‌ಮನ್ ಎಂದುಕೊಳ್ಳಿ. ಎಲ್ಲಿಗೆ ಹೋಗಲು ಯಾವ ದಾರಿ ಹಿಡಿಯಬೇಕು ಎಂದು ಅದಕ್ಕೆ ನಾವೇ ಬರೆದು ಕೊಡಬೇಕು. ಅದೇ ಸ್ಟ್ಯಾಟಿಕ್ ರೂಟ್. ಬರೆಯದಿದ್ದರೆ ಸ್ವಂತ ಬುದ್ಧಿ ಓಡಿಸುವ ಪೈಕಿಯಲ್ಲ ಅದು. ಯಲಹಂಕದ ಪೆಟ್ಟಿಗೆಯಲ್ಲಿ ‘ಆರ್.ಟಿ. ನಗರಕ್ಕೆ ಹೀಗೆ ಹೋಗು’ ಎಂದು ಬರೆದಿದ್ದೆ. ಅಳಿಸಿ ಮತ್ತೆ ಬರೆದೆ. ಕೇಬಲ್ ಬದಲಿಸಿದೆ. ದೇವರಿಗೂ ಕೈ ಮುಗಿದೆ.

ಲ್ಯಾಬಿನ ಒಡೆಯರಾದ ನಮ್ಮ ಡಾಕ್ಟರು ತಾಳ್ಮೆಗೆಟ್ಟು ಹೊರಗಿನ ಕನ್ಸಲ್ಟೆಂಟ್ ಒಬ್ಬರನ್ನು ಕರೆಸಿದರು. ಆತ ಪೆಟ್ಟಿಗೆಯನ್ನು ಮುಟ್ಟಲೂ ಇಲ್ಲ.

"ಇದು ಔಟ್‌ಡೇಟೆಡ್ ಸರ್. ಎರಡೂ ಕಡೆ ಹೊಸದು ಹಾಕ್ಸಿಬಿಡಿ. ಆಮೇಲೆ ಎಲ್ಲಾ ನಮ್ಮ ಟೀಮೇ ನೋಡ್ಕೊಳ್ಳತ್ತೆ."

ಅವರ ಟೀಮು! ಹಾಗಾದರೆ ನಾನು?

"ನಾಳೆ ಮಧ್ಯಾಹ್ನದೊಳಗೆ ನಿಮ್ಮಿಂದ ಆದ್ರೆ ಸರಿ. ಇಲ್ಲಾಂದ್ರೆ ಇವರಿಗೇ ಕೊಟ್ಬಿಡೋಣಮ್ಮ" ಎಂದರು ಡಾಕ್ಟರು.

ಮರುದಿನ ಬ್ಯಾಟರಾಯನಪುರದ ಮನೆಯಿಂದ ಹೊರಡುವಾಗ ಮುಖ ಊದಿಸಿಕೊಂಡೇ "ಅತ್ತೆ, ಹೋಗ್ತೀನಿ" ಎಂದೆ.

"ಓಗ್ತೀನಿ ಅಂತಾರೇನಮ್ಮಾ? ಓಗ್ಬತ್ತೀನಿ ಅನ್ನು! ಬರೀ ಓಗೋ ಮಾತಾಡುದ್ರೆ ಬರೋದ್ ಎಂಗೆ?"

ಚಪ್ಪಲಿ ಮೆಟ್ಟುತ್ತಿದ್ದವಳು ಹಾಗೇ ನಿಂತೆ. ಬರೋದು ಹೇಗೆ?

ಯಲಹಂಕದ ಕೋರಿಕೆ ಆರ್.ಟಿ. ನಗರ ಮುಟ್ಟುತ್ತಿತ್ತು, ಅಲ್ಲಿನ ಪೆಟ್ಟಿಗೆ ಬರೆದಿಡುವ ದಿನಚರಿಯಲ್ಲೇ, ಅಂದರೆ ಲಾಗ್‌ನಲ್ಲೇ, ನೋಡಿದ್ದೆ. ಆದರೆ ಉತ್ತರ ಯಾವ ದಾರಿಯಲ್ಲಿ ವಾಪಸ್ ಬರಬೇಕು ಎಂದು ಆರ್.ಟಿ. ನಗರದ ಪೆಟ್ಟಿಗೆಗೆ ನಾನು ಹೇಳಿಯೇ ಇರಲಿಲ್ಲ! ಪಾಪ, ಅದು ಉತ್ತರವನ್ನು ಇಂಟರ್ನೆಟ್ ಕಡೆ ತಳ್ಳಿ ಕೈತೊಳೆದುಕೊಳ್ಳುತ್ತಿತ್ತು.

ನಾವೆಲ್ಲ ಹೀಗೇ ಅಲ್ಲವೇ? ಹೆಬ್ಬಾಳದ ಫ್ಲೈಓವರ್ ಹತ್ತುತ್ತೇವೆ, ಯು ಟರ್ನ್ ಎಲ್ಲಿ ಎಂದು ಹತ್ತಿದ ಮೇಲೆ ಹುಡುಕುತ್ತೇವೆ. ಪಕ್ಕದ ಮನೆಗೆ ಹೋದ ಸ್ಟೀಲ್ ಡಬ್ಬಿಗಳ ಕಥೆಯಂತೂ ನಿಮಗೇ ಗೊತ್ತು.

ಆರ್.ಟಿ. ನಗರ ತಲುಪಿದವಳೇ ಅಲ್ಲಿನ ಪೆಟ್ಟಿಗೆಯಲ್ಲಿ ಒಂದು ಸಾಲು ಸೇರಿಸಿದೆ: ಯಲಹಂಕಕ್ಕೆ ಈ ದಾರಿ. ಯಲಹಂಕದ ರಿಸೆಪ್ಷನ್‌ಗೆ ಫೋನ್ ಮಾಡಿ, ಈಗ ನೋಡಮ್ಮಾ ಎಂದೆ.

"ಮೇಡಂ, ಬಂತು! ರಿಪೋರ್ಟ್ ಬಂತು ಮೇಡಂ!"

ಕುಣಿದೇಬಿಟ್ಟೆ. (ಸರ್ವರ್ ರೂಮಿನ ಬಾಗಿಲು ಹಾಕಿತ್ತು ಬಿಡಿ.)

ಮಧ್ಯಾಹ್ನ ಕನ್ಸಲ್ಟೆಂಟ್ ಹೊಸ ಪೆಟ್ಟಿಗೆಗಳ ಕೊಟೇಶನ್ ಹಿಡಿದು ಬಂದಾಗ ಡಾಕ್ಟರು ಯಲಹಂಕದ ರಿಪೋರ್ಟುಗಳನ್ನು ನೋಡಿ ನಗುತ್ತಿದ್ದರು.

"ಅದೇನ್ ಮಾಡಿದ್ರಮ್ಮ?"

"ಫೈರ್‌ವಾಲ್‌ಗೆ ‘ಹೋಗಿ ಬರ್ತೀನಿ’ ಅನ್ನೋದು ಕಲಿಸ್ದೆ ಸರ್."

ಕನ್ಸಲ್ಟೆಂಟ್ ಕೊಟೇಶನ್ ಮಡಚಿ ಬ್ಯಾಗಿಗೆ ಹಾಕಿಕೊಂಡು ಎದ್ದರು. "ಸರಿ ಮೇಡಂ, ನಾನಿನ್ನು ಹೋಗ್ತೀನಿ."

ತಿದ್ದುವ ಉಸಾಬರಿ ನನಗೇಕೆ, ಹೇಳಿ?