ಭೀಮಲಿಂಗಪ್ಪ ಮಾವ ಮನೆ ಮಾರಿದ್ದು

ಭೀಮಲಿಂಗಪ್ಪ ಮಾವ ನಮಗೆ ರಕ್ತಸಂಬಂಧಿಯೇನಲ್ಲ. ನಾನು ಹೊಳಗುಂದದಿಂದ ಆದವಾನಿಗೆ ಸೊಸೆಯಾಗಿ ಬಂದಾಗ ನಮ್ಮ ಅತ್ತೆಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಕಡೆ ಮೆಣಸಿನಕಾಯಿ ಹುರಿದರೆ ಈ ಕಡೆ ನಾವು ಸೀನುತ್ತಿದ್ದೆವು. ಅಷ್ಟು ಸಾಲದೇ ಸಂಬಂಧಕ್ಕೆ? ಅವರು ಮಾವನಾದರು, ಅವರ ಹೆಂಡತಿ ಪಂಪಮ್ಮತ್ತಿಯಾದರು. ಒಬ್ಬಳೇ ಮಗಳನ್ನು ಎಮ್ಮಿಗನೂರಿಗೆ ಕೊಟ್ಟು ಗಂಡಹೆಂಡತಿ ಇಬ್ಬರೇ ಇದ್ದರು.

ಮಾವ ಹತ್ತಿ ಪೇಟೆಯಲ್ಲಿ ದಲಾಲಿ. ಈಗಿನವರಿಗೆ ಆ ಕಾಲದ ವ್ಯಾಪಾರ ಹೇಗಿತ್ತೆಂದು ಗೊತ್ತಿಲ್ಲ. ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಇಬ್ಬರ ಬಲಗೈ ಮೇಲೆ ಹೆಗಲ ಮೇಲಿನ ವಲ್ಲಿ ಹೊದಿಸಿ, ಅದರ ಮರೆಯಲ್ಲಿ ಒಬ್ಬರ ಬೆರಳು ಒಬ್ಬರು ಹಿಡಿದು ಬೆಲೆ ತಿಳಿಸಬೇಕು. ಇಷ್ಟು ಬೆರಳು ಹಿಡಿದರೆ ಇಷ್ಟು, ಅರ್ಧ ಬೆರಳು ಒತ್ತಿದರೆ ಇಷ್ಟು. ಸುತ್ತ ನಿಂತವರಿಗೆ ವಲ್ಲಿ ಅಲ್ಲಾಡುವುದು ಮಾತ್ರ ಕಾಣಬೇಕು. ಒಪ್ಪಿಗೆಯಾದರೆ ಪೂರಾ ಕೈ ಹಿಡಿದು ಒಂದು ಸಲ ಜಗ್ಗಿ ವಲ್ಲಿ ಕೊಡವಿದರೆ ಮುಗಿಯಿತು. ಕಾಗದವಿಲ್ಲ, ಸಹಿಯಿಲ್ಲ. ಹೀಗೆ ಕೊಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡವನಿಗೆ ಮರುದಿನ ಪೇಟೆಯಲ್ಲಿ ಯಾರೂ ಕೂರಲು ಜಾಗ ಕೊಡುತ್ತಿರಲಿಲ್ಲ. ಇದರಲ್ಲಿ ಮಾವನನ್ನು ಮೀರಿಸಿದವರಿರಲಿಲ್ಲ. ಬಾಯಲ್ಲಿ ಮಾತು ಕಡಿಮೆ, ಇದ್ದ ಮಾತೆಲ್ಲ ಬೆರಳಿನಲ್ಲೇ.

ಅವರ ಮನೆ ಎರಡು ಅಂಕಣದ್ದು, ಮಣ್ಣಿನ ಮಾಳಿಗೆಯದು. ಬಾಗಿಲು ಎಷ್ಟು ಗಿಡ್ಡ ಎಂದರೆ ಮಾವ ರುಮಾಲು ತೆಗೆದು ಕೈಯಲ್ಲಿ ಹಿಡಿದೇ ಒಳಗೆ ಹೋಗಬೇಕು. ಎರಡನೆಯ ಮಹಾಯುದ್ಧ ಸುರುವಾಗುವುದಕ್ಕೆ ನಾಲ್ಕೈದು ವರ್ಷ ಮೊದಲು ಪೇಟೆಯ ದಲಾಲಿಗಳೆಲ್ಲ ಸ್ಟೇಷನ್ ಕಡೆ ಜಾಗ ಹಿಡಿದು ದೊಡ್ಡ ದೊಡ್ಡ ಮನೆ ಕಟ್ಟಿಸತೊಡಗಿದರು. ಮಾವನೂ ಒಂದು ಜಾಗ ಹಿಡಿದು ಅರ್ಧ ಗೋಡೆ ಎಬ್ಬಿಸಿದರು. ಅದನ್ನು ಮುಗಿಸುವ ದುಡ್ಡಿಗಾಗಿ ಹಳೆಯ ಮನೆ ಮಾರುವುದಿದೆ ಎಂದು ಪೇಟೆಗೆಲ್ಲ ಸಾರಿದರು. ಇದೇನು ಮನೆಯೇ, ಹತ್ತಿ ಮೂಟೆ ಒಟ್ಟುವ ಗೂಡು ಎಂದು ನಮ್ಮ ಕಟ್ಟೆಯ ಮೇಲೆ ಕೂತು ತಾವೇ ಹಳಿಯುತ್ತಿದ್ದರು.

ಪಂಪಮ್ಮತ್ತಿಗೂ ಆಗ ಖುಷಿಯೇ. ಆಕೆ ನಂದವರದ ದೊಡ್ಡ ಮನೆಯಲ್ಲಿ ಹುಟ್ಟಿದವರು. ಈ ಗೂಡಿಗೆ ಬಂದ ಮೊದಲ ವರ್ಷ ಅತ್ತದ್ದೂ ಉಂಟಂತೆ. ಮನೆ ಮಾರುತ್ತಾರೆಂದು ತಿಳಿದದ್ದೇ ತಡ, ಹಿತ್ತಾಳೆ ಕೊಡ, ಹಂಡೆ, ಪರಾತಗಳನ್ನೆಲ್ಲ ಗೋಣಿಚೀಲದಲ್ಲಿ ಕಟ್ಟಿ ಮೂಲೆಗಿಟ್ಟರು. ಎರಡು ಗಡಿಗೆ, ಒಂದು ಬೋಗುಣಿಯಲ್ಲಿ ಸಂಸಾರ. ಗೋಡೆಗೆ ಸುಣ್ಣ ಹಚ್ಚಲಿಲ್ಲ. ಯಾರಾದರೂ ಕೇಳಿದರೆ, ಹೋಗುವವರಿಗೆ ಯಾಕೆ ಸಿಂಗಾರ ಎನ್ನುತ್ತಿದ್ದರು.

ಮನೆ ನೋಡಲು ಜನ ಬರುತ್ತಿದ್ದರು. ಪಂಪಮ್ಮತ್ತಿ ಚಾಪೆ ಹಾಸಿ ಮಜ್ಜಿಗೆ ಕೊಡುವುದು, ಅವರು ಮಜ್ಜಿಗೆ ಕುಡಿದು ತಪ್ಪು ಎಣಿಸುವುದು. ಬಾಗಿಲು ಗಿಡ್ಡವಾಯಿತು, ಹಿತ್ತಲಿಲ್ಲ, ಒಳಗೆ ಕತ್ತಲೆ. ಕತ್ತಲೆ ಎಂದವನ ತಲೆಯ ಮೇಲೆಯೇ ಬೆಳಕಿಂಡಿ ಇತ್ತು, ಕಣ್ಣೆತ್ತಿ ನೋಡಬೇಕಲ್ಲ! ಬಂದವರು ಹೋದ ಮೇಲೆ ಪಂಪಮ್ಮತ್ತಿ ಮೊದಲು ಸುಮ್ಮನಿರುತ್ತಿದ್ದರು. ಆಮೇಲಾಮೇಲೆ ಅವರಿಗೆ ಸಿಟ್ಟು ಬರತೊಡಗಿತು. ನಾವು ಬೈದರೆ ಸರಿ, ನಮ್ಮ ಮಜ್ಜಿಗೆ ಕುಡಿದು ಇವರು ಯಾಕೆ ಬೈಯಬೇಕು ಎಂದು ಗೋಡೆಯಾಚೆಯಿಂದ ನನಗೆ ಕೂಗಿ ಹೇಳುತ್ತಿದ್ದರು.

ಮಣ್ಣಿನ ಮಾಳಿಗೆಗೆ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಸೌಳು ಮಣ್ಣು ಹಾಕಿಸಬೇಕು. ಊರಾಚೆಯ ಸೌಳು ನೆಲದಿಂದ ಬಂಡಿಯಲ್ಲಿ ತರಿಸಿ ಹರವಿದರೆ ಅದು ನೀರಿಗೆ ಬಿಗಿದುಕೊಳ್ಳುತ್ತದೆ, ಮನೆ ಸೋರುವುದಿಲ್ಲ. ಮಾರುವ ಮನೆಗೆ ಯಾಕೆ ಎಂದು ಮಾವ ಎರಡು ವರ್ಷ ಹಾಕಿಸಲಿಲ್ಲ. ಮೂರನೆಯ ವರ್ಷ ಒಂದು ದೊಡ್ಡ ಮಳೆ ಬಂದು ಒಳಗೆಲ್ಲ ಕೆಸರಾಯಿತು. ಪಂಪಮ್ಮತ್ತಿ ಬೋಗುಣಿ ಹಿಡಿದು ನೀರು ಎತ್ತಿ ಎತ್ತಿ ಸಾಕಾಗಿ ಬೋಗುಣಿಯನ್ನು ಮಾವನ ಮುಂದೆ ಕುಕ್ಕಿದರು.

"ಕೊಳ್ಳೋರು ಬರೂತನಕ ನಾವು ಹಿಂಗ ತೊಯ್ಕೊಂತ ಕುಂದ್ರೂದೇನ್ರಿ? ನಾಳಿ ಬಂಡಿ ಹೊಡಸ್ರಿ."

ಮರುದಿನ ಸೌಳು ಬಂತು. ಮಾಳಿಗೆಯೆಂದರೆ ನಮ್ಮದೂ ಅವರದೂ ಕೂಡಿಕೊಂಡೇ ಇದ್ದದ್ದು, ನಾನೂ ಸೆರಗು ಕಟ್ಟಿ ಹತ್ತಿದೆ. ಮಣ್ಣು ಹರವುತ್ತ ಇಬ್ಬರೂ ಊರ ಹೆಂಗಸರ ಸುದ್ದಿಯನ್ನೆಲ್ಲ ಹರವಿದೆವು. ಅವತ್ತು ಸಂಜೆ ಪಂಪಮ್ಮತ್ತಿ ಗೋಣಿಚೀಲಗಳ ಬಾಯಿ ಬಿಚ್ಚಿ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ ಸಾಲಾಗಿ ಜೋಡಿಸಿದರು. ಗೋಡೆಗೆ ಸುಣ್ಣವೂ ಬಂತು.

ಅಲ್ಲಿಂದ ಮುಂದಿನ ವರ್ಷಗಳು ಆ ಮನೆಯ ಒಳ್ಳೆಯ ವರ್ಷಗಳು. ಮನೆ ಮಾರಬೇಕೆನ್ನುವುದು ಹಾಗೇ ಇತ್ತು, ಆದರೆ ಹೋಗುವ ಅವಸರ ಯಾರಿಗೂ ಇರಲಿಲ್ಲ. ಪೇಟೆ ಹತ್ತಿರವಾದ್ದರಿಂದ ಮಾವ ಮಧ್ಯಾಹ್ನ ಊಟಕ್ಕೆ ಮನೆಗೇ ಬರುತ್ತಿದ್ದರು. ಬೆಳಕಿಂಡಿಯ ಬಿಸಿಲು ಒಲೆಯಿಂದ ಸರಿದು ಬೀಸುಕಲ್ಲಿನ ಹತ್ತಿರ ಬಂತೆಂದರೆ ಪಂಪಮ್ಮತ್ತಿ ರೊಟ್ಟಿ ಬಡಿಯಲು ಕೂರುತ್ತಿದ್ದರು. ಬಿಸಿ ರೊಟ್ಟಿ ತಾಟಿಗೆ ಬೀಳುವುದಕ್ಕೂ ಮಾವ ರುಮಾಲು ತೆಗೆದು ಬಗ್ಗುವುದಕ್ಕೂ ಸರಿಹೋಗುತ್ತಿತ್ತು. ಬೇಸಿಗೆಯಲ್ಲಿ ನಮ್ಮ ಕೋಟೆಬೆಟ್ಟದ ಬಂಡೆ ಕಾದು ಊರೆಲ್ಲ ಉರಿಯುತ್ತಿದ್ದರೂ ಆ ಮಣ್ಣಿನ ಗೋಡೆಯೊಳಗೆ ತಂಪು. ಸಂಜೆ ಮಾಳಿಗೆಯ ಮೇಲೆ ನೀರು ಚಿಮುಕಿಸಿ ಚಾಪೆ ಹಾಸಿದರೆ, ಪೇಟೆಯಲ್ಲಿ ಬಾಯೇ ಬಿಡದ ಮನುಷ್ಯ ಹೆಂಡತಿಯ ಮುಂದೆ ಅಂದಿನದನ್ನೆಲ್ಲ ಹೇಳಿಕೊಂಡು ನಗುತ್ತಿದ್ದರು. ಗಂಡಹೆಂಡತಿ ಅಷ್ಟು ಮಾತಾಡಿದ್ದನ್ನು ನಾನು ಬೇರೆ ಯಾವ ಮನೆಯಲ್ಲೂ ಕೇಳಿಲ್ಲ. ನನ್ನ ಗಂಡನಿಗೆ ಅದನ್ನು ತೋರಿಸಿ ಹೀಯಾಳಿಸಿದ್ದೂ ಇದೆ.

ಯುದ್ಧ ಬಂತು. ಸಿಮೆಂಟು, ಕಬ್ಬಿಣ ಸಿಗದೆ ಸ್ಟೇಷನ್ ಕಡೆಯ ಮನೆ ಕಿಟಕಿಯ ಮಟ್ಟಕ್ಕೆ ನಿಂತುಹೋಯಿತು. ಲೋಕಕ್ಕೆ ಕೆಟ್ಟದ್ದಾದ ಯುದ್ಧ ಪಂಪಮ್ಮತ್ತಿಗೆ ಒಳ್ಳೆಯದೇ ಮಾಡಿತು ಎಂದರೆ ನೀವು ನನ್ನನ್ನು ಬೈಯಬಹುದು, ಆದರೆ ಇದ್ದದ್ದು ಹಾಗೆ. ಆ ದಿನಗಳಲ್ಲೇ ಒಮ್ಮೆ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತ ಆಕೆ ನನಗೆ, ಇನ್ನು ನಾನು ಎಲ್ಲಿಗೂ ಹೋಗುವವಳಲ್ಲ, ನಿಮ್ಮ ಮಾವನಿಗೂ ಇಲ್ಲೇ ಜೀವ ಹತ್ತಿದೆ ಎಂದರು. ಅದು ಖರೆಯೂ ಆಗಿತ್ತು.

ಆದರೆ ಮನೆ ಮಾರುವುದಿಲ್ಲ ಎಂಬ ಮಾತನ್ನು ಮಾವ ಪೇಟೆಗೆ ಹೇಳಲೇ ಇಲ್ಲ. ಯಾರಾದರೂ ಕೇಳಿಕೊಂಡು ಬಂದರೆ ಕಟ್ಟೆಯ ಮೇಲೆ ಕೂರಿಸಿ, ವಲ್ಲಿ ಹೊದಿಸಿ, ಆ ಬೀದಿಯಲ್ಲಿ ಯಾರೂ ಕಂಡು ಕೇಳದಂಥ ಬೆಲೆಯ ಬೆರಳು ಹಿಡಿಯುವರು. ಬಂದವರು ಹೌಹಾರಿ ಎದ್ದು ಹೋಗುವರು. ಮಾವ ನಗುತ್ತ ಒಳಗೆ ಬರುವರು. ಪಂಪಮ್ಮತ್ತಿಗೆ ಈ ಆಟ ಹಿಡಿಸುತ್ತಿರಲಿಲ್ಲ. ಮಾರುವುದಿಲ್ಲವೆಂದು ಬಾಯಿಬಿಟ್ಟು ಹೇಳಿಬಿಡಿ ಎಂದು ಎಷ್ಟೋ ಸಲ ಹೇಳಿದರು.

"ತೋರ್ಸಿದ ಸರಕು ಕೊಡಂಗಿಲ್ಲ ಅಂದ್ರ ಪ್ಯಾಟ್ಯಾಗ ನಕ್ಕಾರ," ಎನ್ನುತ್ತಿದ್ದರು ಮಾವ. "ಬೆಲಿ ಏರ್ಸಿದ್ರ ತಾವಾ ಎದ್ದು ಹೊಕ್ಕಾರ. ನೀ ಸುಮ್ನಿರು."

ಯುದ್ಧ ಮುಗಿಯುವ ಸುಮಾರಿಗೆ ನಮ್ಮ ಹೊಳಗುಂದದ ಬಜಾರಪ್ಪ ಬಂದ. ಕಡಲೆಕಾಯಿ ವ್ಯಾಪಾರದಲ್ಲಿ ಆ ವರ್ಷಗಳಲ್ಲಿ ಚೆನ್ನಾಗಿ ಕುದುರಿಕೊಂಡವನು, ಒಳ್ಳೆಯ ಮನುಷ್ಯ. ಅವನ ತಾಯಿ ಲಿಂಗಕ್ಕನಿಗೆ ಕಾಲು ಬಿದ್ದುಹೋಗುತ್ತಿದ್ದವು. ಸಾಯುವ ಮುಂಚೆ ದಿನಾ ಮಠದ ಪೂಜೆ ಕಣ್ಣಿಂದ ನೋಡಬೇಕೆಂದು ಹಟ ಹಿಡಿದಿದ್ದಳು. ಮಠ ನಮ್ಮ ಬೀದಿಯ ಬೆನ್ನಿಗೇ ಇದೆ. ಅಲ್ಲಿಗೆ ನಾಲ್ಕು ಹೆಜ್ಜೆ ಇಡಬಹುದಾದ ಮನೆ ಎಂದರೆ ಇದೊಂದೇ. ಮಾವನಿಗೆ ಇದು ಗೊತ್ತಿರಲಿಲ್ಲ. ಬಂದವನನ್ನು ಯಾಕೆ ಬೇಕು ಎಂದು ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಲಿಲ್ಲ. ಎಂದಿನಂತೆ ವಲ್ಲಿ ಹೊದಿಸಿದರು.

ನಾನು ನಮ್ಮ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದೆ. ವಲ್ಲಿ ಅಲ್ಲಾಡಿತು. ಬಜಾರಪ್ಪ ಮಾವನ ಮುಖವನ್ನೇ ನೋಡಿದ. ಮಠದ ಕಡೆ ಒಮ್ಮೆ ತಿರುಗಿ ನೋಡಿದ. ಆಮೇಲೆ ಪೂರಾ ಕೈ ಹಿಡಿದು ಒಂದು ಸಲ ಜಗ್ಗಿ ವಲ್ಲಿ ಕೊಡವಿಬಿಟ್ಟ.

ಮಾವನ ಕೈ ಹಾಗೇ ಚಾಚಿಕೊಂಡಿತ್ತು. ಸೋಮವಾರ ದುಡ್ಡು ತರುತ್ತೇನೆಂದು ಹೇಳಿ ಬಜಾರಪ್ಪ ಕೈಮುಗಿದು ಹೋದ. ಒಳಗೆ ಹೋದ ಮಾವ ರುಮಾಲು ತೆಗೆಯುವುದನ್ನು ಮರೆತು ಬಾಗಿಲಿಗೆ ತಲೆ ಬಡಿಸಿಕೊಂಡರು. ಪಂಪಮ್ಮತ್ತಿ ಏನಾಯಿತೆಂದು ಕೇಳಿದ್ದು, ಮಾವ ಕೈ ಕೊಟ್ಟೆ ಎಂದದ್ದು, ಎರಡೇ ಮಾತು ಗೋಡೆಯಾಚೆಗೆ ಕೇಳಿಸಿತು. ಆ ಮಧ್ಯಾಹ್ನ ಅಲ್ಲಿ ರೊಟ್ಟಿ ಬಡಿದ ಸದ್ದೇ ಬರಲಿಲ್ಲ.

ಇಷ್ಟೇ ಆಗಿದ್ದರೆ ದೈವ ಎಂದು ನಾನೂ ಸುಮ್ಮನಾಗುತ್ತಿದ್ದೆ. ನನ್ನ ಸಿಟ್ಟು ಇರುವುದು ಸೋಮವಾರದ ಬಗ್ಗೆ. ಅಂದು ಬಜಾರಪ್ಪ ಪೇಟೆಯ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಬೀದಿಯ ಜನವೂ ಕೂಡಿತು. ಪಂಪಮ್ಮತ್ತಿಗೆ ಮನೆ ಬಿಡಲು ಮನಸ್ಸಿಲ್ಲವೆಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ, ಅವನ ಕಿವಿಗೂ ಬಿದ್ದಿತ್ತು. ದುಡ್ಡಿನ ಚೀಲ ಮುಂದಿಟ್ಟುಕೊಂಡೇ ಅವನು ಎಲ್ಲರಿಗೂ ಕೇಳುವಂತೆ ಹೇಳಿದ:

"ಭೀಮಲಿಂಗಪ್ಪನೋರ, ಅಕ್ಕೋರಿಗೆ ಈ ಮನಿ ಬಿಡಾಕ ಮನಸಿಲ್ಲಂತ ಕೇಳೀನಿ. ನಮ್ಮವ್ವಗ ಬ್ಯಾರೆ ಕಡಿ ಎಲ್ಲ್ಯಾರ ನೋಡ್ತೀನಿ. ಬ್ಯಾಡ ಅಂತ ನೀವು ಒಂದ್ಮಾತು ಅನ್ರಿ ಸಾಕು, ನಾ ಕೈ ಬಿಟ್ಟಂಗ."

ಕೈ ಹಿಡಿದವನೇ ಕೈ ಬಿಡುತ್ತೇನೆಂದರೆ ಪೇಟೆಯ ಯಾವ ಕಟ್ಟಳೆಯೂ ಮುರಿಯುವುದಿಲ್ಲ. ಹಿರಿಯರೂ ಹೌದೆಂದು ತಲೆಯಾಡಿಸಿದರು. ಪಂಪಮ್ಮತ್ತಿ ಒಳಗೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಅವರ ಮುಖ ನನಗೆ ಕಾಣುತ್ತಿತ್ತು. ಅಷ್ಟು ಆಸೆ ಇಟ್ಟುಕೊಂಡ ಮುಖವನ್ನು ನಾನು ಮತ್ತೆ ನೋಡಿಲ್ಲ.

ಮಾವ ರುಮಾಲು ಸರಿಪಡಿಸಿಕೊಂಡರು. ಸುತ್ತ ನಿಂತವರನ್ನು ಒಮ್ಮೆ ನೋಡಿದರು.

"ಭೀಮಲಿಂಗ್ಯಾ ಕೊಟ್ಟ ಕೈ ಹಿಂದಕ್ಕ ತಗಂಡಿದ್ದು ಯಾರಾರ ನೋಡೀರೇನು?" ಎಂದರು. "ಮನಿ ನಿಮ್ದು."

ಹಿರಿಯರು ಭಲೆ ಎಂದರು. ದಲಾಲಿ ಅಂದರೆ ಹೀಗಿರಬೇಕು ಎಂದು ಬೀದಿಯವರು ವಾರವಿಡೀ ಹೊಗಳಿದರು. ಆ ಹೊಗಳಿಕೆಗೆ ಬೆಂಕಿ ಬೀಳಲಿ. ಹೆಂಡತಿಗೋಸ್ಕರ ಒಂದು ಮಾತು ಅಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅಂದು ನಾನು ತಿರುಗಿ ನೋಡಿದಾಗ ಬಾಗಿಲಲ್ಲಿ ಪಂಪಮ್ಮತ್ತಿ ಇರಲಿಲ್ಲ.

ಸ್ಟೇಷನ್ ಕಡೆಯ ಗೋಡೆಗಳನ್ನು ಎತ್ತರಿಸಿ, ಸಿಮೆಂಟಿಗೆ ಕಾಯದೆ ಕಲ್ಲಿನ ಚಪ್ಪಡಿ ಹೊದಿಸಿ ಅವರು ಹೊರಟುಹೋದರು. ದೊಡ್ಡ ಪಡಸಾಲೆ, ಎರಡು ಕೋಣೆ, ಹಿತ್ತಲಲ್ಲಿ ಬಾವಿ. ಒಳಗೆ ಮಾತಾಡಿದರೆ ಮಾತು ವಾಪಸ್ಸು ಬರುತ್ತಿತ್ತು. ಪೇಟೆ ದೂರವಾಯಿತು, ಮಾವ ಮಧ್ಯಾಹ್ನ ಅಂಗಡಿಯಲ್ಲೇ ಬುತ್ತಿ ಉಣ್ಣತೊಡಗಿದರು. ಪಂಪಮ್ಮತ್ತಿ ಜಗಳವಾಡಲಿಲ್ಲ. ಒಮ್ಮೆಯೂ ಎತ್ತಿ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ಮಾವನೇ ಆಮೇಲೆ ನನಗೆ ಹೇಳಿದರು.

ಇತ್ತ ಲಿಂಗಕ್ಕ ಬಂದು ಹಳೆಯ ಮನೆಯಲ್ಲಿ ಕೂತಳು. ದೇವನಕೊಂಡದ ಕಡೆ ಹುಟ್ಟಿದ ಮುದುಕಿ, ಅರ್ಧ ತೆಲುಗು ಅರ್ಧ ಕನ್ನಡ. ಬೆಳಕಿಂಡಿಗೆ ಮಳೆಯಲ್ಲಿ ಏನು ಮುಚ್ಚಬೇಕು, ಅಗುಳಿ ಯಾಕೆ ಬಿಗಿಯಾಗುತ್ತದೆ ಎಂದು ಕೇಳಲು ಪಂಪಮ್ಮತ್ತಿಯನ್ನು ಕರೆಸಿದಳು. ಆಕೆ ಬಂದು ತೋರಿಸಿಕೊಟ್ಟರು. ಮರುದಿನ ಮತ್ತೆ ಬಂದರು. ಆಮೇಲೆ ದಿನಾ ಬರತೊಡಗಿದರು. ಅಷ್ಟು ದೂರ ನಡೆದು ಬಂದು ಮುದುಕಿಗೆ ಸೊಪ್ಪು ಸೋಸಿಕೊಡುತ್ತ, ನನ್ನನ್ನು ಗೋಡೆಯಾಚೆಯಿಂದ ಕೂಗುತ್ತ ಸಂಜೆಯವರೆಗೆ ಇರುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಮಾವ ಕರೆದುಕೊಂಡು ಹೋಗಲು ಬರುತ್ತಿದ್ದರು. ಲಿಂಗಕ್ಕ ಎಷ್ಟು ಕರೆದರೂ ಒಳಗೆ ಕಾಲಿಡದೆ ನಮ್ಮ ಕಟ್ಟೆಯ ಮೇಲೆ ಕೂರುತ್ತಿದ್ದರು. "ಆವತ್ತ ಒಂದ ಮಾತು ಆಡಿದ್ರ ಮುಗೀತಿತ್ತವ್ವಾ," ಎಂದು ಒಂದು ದಿನ ನನ್ನ ಮುಂದೆ ಅಂದು ಕಣ್ಣೊರೆಸಿಕೊಂಡರು. ನಾನು ಸಮಾಧಾನ ಹೇಳಲಿಲ್ಲ.

ಕೊನೆಗೆ ಮಾವ ಹೊಳಗುಂದಕ್ಕೇ ಹೋದರು. ವಲ್ಲಿಯಿಲ್ಲ, ಬೆರಳಿಲ್ಲ; ನಾಲ್ಕು ಜನರ ಮುಂದೆ ಬಜಾರಪ್ಪನಿಗೆ ಬಾಯಿಬಿಟ್ಟು, ಮನೆ ವಾಪಸ್ಸು ಕೊಡು, ನೀನು ಹೇಳಿದ್ದು ಕೊಡುತ್ತೇನೆ ಎಂದು ಬೇಡಿದರು. ಬಜಾರಪ್ಪನಿಗೂ ಸಂಕಟವಾಯಿತಂತೆ. ಅವ್ವನಿಗೆ ಈಗ ಅಲ್ಲಿ ಜೀವ ನಿಂತಿದೆ, ಅಲ್ಲಿಂದ ಹೇಗೆ ಎಬ್ಬಿಸಲಿ ಎಂದನಂತೆ.

ಅಲ್ಲಿಂದ ನೆಟ್ಟಗೆ ನಮ್ಮ ಬೀದಿಗೇ ಬಂದರು. ಪಂಪಮ್ಮತ್ತಿ ಆಗಷ್ಟೇ ಲಿಂಗಕ್ಕನಿಗೆ ದೀಪ ಹಚ್ಚಿಕೊಟ್ಟು ಹೊರಗೆ ಬಂದಿದ್ದರು. ಬಜಾರಪ್ಪನ ಹತ್ತಿರ ಹೋಗಿದ್ದೆ, ಮನೆ ತಿರುಗಿ ಕೇಳಿದೆ, ಆಗುವುದಿಲ್ಲವಂತೆ ಎಂದು ಮಾವ ಬೀದಿಯಲ್ಲಿ ನಿಂತೇ ಹೇಳಿದರು. ಪಂಪಮ್ಮತ್ತಿ ಸೆರಗಿಗೆ ಕೈ ಒರೆಸಿಕೊಂಡು ಎಲ್ಲ ಕೇಳಿಸಿಕೊಂಡರು. ಅವರಿಗೆ ಸಿಟ್ಟೂ ಇರಲಿಲ್ಲ, ಚುಚ್ಚಬೇಕೆಂಬ ಮನಸ್ಸೂ ಇರಲಿಲ್ಲ. ನಾನು ಹತ್ತಿರದಲ್ಲೇ ಇದ್ದೆ, ನನಗೆ ಗೊತ್ತು.

"ಪಾಪ, ಆ ಮುದುಕೀನ್ನ ಎಬ್ಬಿಸಬ್ಯಾಡ್ರಿ," ಎಂದರು. "ಕತ್ಲಾತು. ನಡೀರಿ, ನಿಮ್ಮ ಮನಿಗೆ ಹೋಗೂಣು."

ನಿಮ್ಮ ಮನೆ ಎಂದದ್ದು ಪಂಪಮ್ಮತ್ತಿಯ ಗಮನಕ್ಕೂ ಬಂದಿರಲಿಲ್ಲ, ಅಷ್ಟು ಹೊತ್ತಿಗೆ ಅವರು ನಡೆಯತೊಡಗಿದ್ದರು. ಮಾವ ಒಮ್ಮೆ ಆ ಗಿಡ್ಡ ಬಾಗಿಲ ಕಡೆ ನೋಡಿ ಅವರ ಹಿಂದೆ ಹೋದರು.